ನಾಲ್ಕು ಹಲಗೆಗಳಿಗೆ ಒಂದು ಸ್ವರ

ಫೆಬ್ರವರಿ 11

ಮಗಳೇ,

ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನಿನ್ನ ಅತ್ತೆ. ನಿನಗೆ ಗೊತ್ತಿರುವುದೇ, ಆದರೂ ಪ್ರತಿ ಸಲ ಹೀಗೇ ಶುರು ಮಾಡಬೇಕಂತೆ. ಇಲ್ಲದಿದ್ದರೆ ನಾನು ಆಡಿದ ಮಾತಿಗೆಲ್ಲ ಅವಳು ಹೊಣೆಯಾಗುತ್ತಾಳಂತೆ. (ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದೆ, ಒಡಹುಟ್ಟಿದ ಅಣ್ಣನಿಗೆ ಕಲಿಸಲಾಗಲಿಲ್ಲ. ಉಳಿ ಹಿಡಿದ ಕೈಯಲ್ಲಿ ಪೆನ್ನು ಜಾರುತ್ತದಂತೆ. ಬ್ರಾಕೆಟ್ಟಿನಲ್ಲಿರುವುದೆಲ್ಲ ನನ್ನದು. ಅತ್ತೆ.)

ನಿನ್ನಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ಆಮೇಲೆ ನಾನು ಒಂದು ತಂತಿವಾದ್ಯವನ್ನೂ ಮಾಡಿಲ್ಲ. ದುಃಖಕ್ಕೆ ಬಿಟ್ಟೆ ಎಂದು ಊರವರು ತಿಳಿದಿದ್ದಾರೆ. ದುಃಖ ಇದೆ, ಆದರೆ ಕಾರಣ ಅದಲ್ಲ. ಸ್ವರ ಕೊಡುವವರಿಲ್ಲ. ಈ ಮನೆಯಲ್ಲಿ ಮಾಡುವವನು ತನ್ನ ಸ್ವರ ತಾನೇ ಹಿಡಿದವನಲ್ಲ. ನಮ್ಮಪ್ಪನಿಗೆ ನಮ್ಮಮ್ಮ ಕೊಟ್ಟಳು. ಅವಳು ನಿನ್ನಮ್ಮನಿಗೆ ಕಲಿಸಿದಳು. ಹೆರೆಯುವವನ ಕಿವಿ ಯಾವಾಗಲೂ ಕೈಯ ಪರ ವಹಿಸುತ್ತದೆ, ಕೈ ದಣಿದ ಕೂಡಲೇ 'ಸಾಕು, ಬಂತು' ಅನ್ನುತ್ತದೆ. ಅದಕ್ಕೇ ಇನ್ನೊಬ್ಬರು ಒಲೆಯ ಹತ್ತಿರ ನಿಂತು ಆ ಒಂದು ಸ್ವರವನ್ನು ಹಿಡಿಯಬೇಕು, ನಾನು ವಾದ್ಯದ ಮುಖಕ್ಕೆ ಅಂಟಿಸುವ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಬೇಕು. ಹೆರೆದಷ್ಟೂ ಹಲಗೆಯ ಸ್ವರ ಇಳಿಯುತ್ತದೆ. ಎರಡೂ ಒಂದಾದಾಗ ಅಲಗು ಕೆಳಗಿಡಬೇಕು.

ಅಟ್ಟದ ಮೇಲೆ ಇನ್ನು ನಾಲ್ಕು ಹಲಗೆ ಉಳಿದಿವೆ. ನೀನು ಹುಟ್ಟಿದ ವರ್ಷ ಸೀಳಿಟ್ಟದ್ದು, ನಲವತ್ಮೂರು ವರ್ಷ ಒಣಗಿವೆ. ಆ ಮರ ಬೆಳೆಯುತ್ತಿದ್ದ ಇಳಿಜಾರೇ ಕುಸಿದುಹೋಗಿದೆ, ಹಾಗಾಗಿ ಈ ನಾಲ್ಕೇ ಕೊನೆ. ನಾನು ಹಾಡುವಾಗ ಹಿಂದೆ ಕೂತು ನುಡಿಸುವ ನಾಲ್ವರ ವಾದ್ಯಗಳನ್ನೂ ಹುಳ ತಿಂದಿದೆ. ಅವಿಲ್ಲದೆ ನಾನೊಬ್ಬನೇ ಬೆಟ್ಟದ ಹಾಡು ಹೇಳಿದರೆ ಕಳೆದುಹೋದ ಕುರಿಯನ್ನು ಕೂಗಿದ ಹಾಗಿರುತ್ತದೆ.

ನೀನು ಹಾಸ್ಟೆಲ್ಲಿಗೆ ಹೊರಟಾಗ ಅಮ್ಮ ಒಂದು ಕ್ಯಾಸೆಟ್ ಮಾಡಿಕೊಟ್ಟಿದ್ದಳಲ್ಲ, ಮನೆಯ ಸ್ವರ ಮರೆಯಬಾರದೆಂದು. ಅದನ್ನು ಕಳಿಸು. ಅವಳೇ ಸ್ವರ ಕೊಟ್ಟ ಹಾಗಾಗುತ್ತದೆ.

ಇಂತಿ,
ನಿನ್ನ ಅಪ್ಪ


ಫೆಬ್ರವರಿ 27

ಅಪ್ಪಾ,

ಕ್ಯಾಸೆಟ್ ಈ ಪೊಟ್ಟಣದಲ್ಲಿದೆ. ಇದು ಮೂಲವಲ್ಲ, ಪ್ರತಿ. ಮೂಲದ್ದು ತುಂಬ ಹಳೆಯದು, ಅಂಚೆಯಲ್ಲಿ ಕಳಿಸಲು ಧೈರ್ಯ ಬರಲಿಲ್ಲ. ನಾನು ಜನರ ಕಿವಿ ಪರೀಕ್ಷೆ ಮಾಡುವ ಕೋಣೆ ನಿನಗೆ ನೆನಪಿರಬಹುದು. ನಾಲ್ಕು ಗೋಡೆಗೂ ಸ್ಪಂಜು ಹೊಡೆದ, ಬೀರುವಿನಂಥ ಕೋಣೆ. ಭಾನುವಾರ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ, ಅಲ್ಲಿ ಕೂತು ಪ್ರತಿ ಮಾಡಿದೆ. ಸ್ವಲ್ಪ ಸರಸರ ಸದ್ದು ಇದೆ. ಮೊದಲು ಸ್ವರ ಮೂರು ಸಲ ಬರುತ್ತದೆ, ಆಮೇಲೆ ಮಲಗಿಸುವ ಹಾಡಿನ ಎರಡು ಸಾಲು. ಅಷ್ಟೇ ಇರುವುದು.

ಅಮ್ಮನಿಗೆ ಆಗ ಮೂವತ್ತೇಳು ವರ್ಷ. ದನಿ ನಿನಗೆ ನೆನಪಿರುವುದಕ್ಕಿಂತ ಬೇರೆ ಅನ್ನಿಸಿದರೆ ಅದಕ್ಕೇ ಇರಬೇಕು.

ಇಲ್ಲಿ ಎಲ್ಲ ಸರಿಯಿದೆ. ಅತ್ತೆಗೆ ಕನ್ನಡಕದ ಹೊಸ ಡಬ್ಬಿ ಇಟ್ಟಿದ್ದೇನೆ.

ನಿನ್ನ ಮಗಳು


ಮಾರ್ಚ್ 20

ಮಗಳೇ,

ಬುಧವಾರದ ಹಾಲಿನ ವ್ಯಾನಿನಲ್ಲಿ ಪೊಟ್ಟಣ ಬಂತು. ಹೇಳುವವನು ನಾನು, ಬರೆಯುವವಳು ಅತ್ತೆ.

ಮೊದಲ ಸಲ ಹಾಕಿದಾಗ ನಾನು ಎದ್ದು ಹೊರಗೆ ಹೋದೆ. ಇದನ್ನು ಬರೆಯಬೇಡ ಅಂದೆ, ಬರೆಯುತ್ತಿದ್ದಾಳೆ. ಎರಡನೇ ಸಲ ಕೂತು ಕೇಳಿದೆ. ಮೂರನೇ ಸಲ ಅಲಗು ಮಸೆಯುತ್ತಾ ಕೇಳಿದೆ.

ನಾಲ್ಕೂ ಹಲಗೆ ಕೆಳಗಿಳಿಸಿದೆ. ಒಂದರಲ್ಲೂ ಬಿರುಕಿಲ್ಲ. ನುಡಿಸುವ ನಾಲ್ವರಲ್ಲಿ ಒಬ್ಬನಾದ ಗಿರಣಿಯವನು, ನಾವು 'ಗುಡುಗು' ಅನ್ನುವವನು, ಕೈಹಿಡಿದು ಇಳಿಸಿಕೊಟ್ಟ. ಹಿಟ್ಟಿನ ಗಿರಣಿಯ ಸದ್ದಿನಲ್ಲೇ ಬಾಳಿದವನಲ್ಲವೆ, ಅವನು ಮೆಲ್ಲಗೆ ಮಾತಾಡಿದರೂ ಬೆಟ್ಟದಾಚೆ ಕೇಳುತ್ತದೆ.

"ಏನಣ್ಣಾ, ನಾನು ಸಾಯೋದರೊಳಗೆ ನನ್ನ ವಾದ್ಯ ಆಗುತ್ತಾ?" ಅಂದ.

"ನೀನು ಬಾಯಿ ಮುಚ್ಚಿಕೊಂಡು ಕೂತರೆ ಆಗುತ್ತೆ. ನಿನ್ನ ಗಲಾಟೆಗೆ ಹಲಗೆ ಹೆದರಿಕೊಂಡು ಸ್ವರಾನೇ ಬಿಡ್ತಿಲ್ಲ" ಅಂದೆ.

ನಾಳೆಯಿಂದ ಹೆರೆಯುತ್ತೇನೆ.

(ಆ ದಿನ ಅವನು ಎರಡನೇ ಸಲ ಬಡಿಸಿಕೊಂಡು ಉಂಡ. ಹದಿನೈದು ತಿಂಗಳಲ್ಲಿ ಇದೇ ಮೊದಲು. ಕ್ಯಾಸೆಟ್ ನಾನೂ ಕೇಳಿದೆ. ಡಬ್ಬಿ ಚೆನ್ನಾಗಿದೆ.)

ನಿನ್ನ ಅಪ್ಪ


ಏಪ್ರಿಲ್ 9

ಅಪ್ಪಾ,

ನೀನು ಅಲಗು ಹಿಡಿದದ್ದು ಓದಿ ಸಂತೋಷವಾಯಿತು. ಒಂದು ಮಾತು ಕೇಳಲೇ? ಮೊದಲು ಒಂದೇ ಹಲಗೆ ಮುಗಿಸಿ, ತಂತಿ ಕಟ್ಟಿ, ಯಾರಿಂದಲಾದರೂ ನುಡಿಸಿ ನೋಡಿ, ಆಮೇಲೆ ಉಳಿದ ಮೂರನ್ನು ಹೆರೆಯಬಾರದೇ? ಕ್ಯಾಸೆಟ್ಟನ್ನು ಪೂರ್ತಿ ನಂಬುವ ಹಾಗಿಲ್ಲ. ಕೆಲವು ಟೇಪುಗಳು ನಿಧಾನ ಓಡುತ್ತವೆ, ಆಗ ಸ್ವರ ಇಳಿಯುತ್ತದೆ. ನಿನ್ನ ಕಿವಿಗೆ ಏನನ್ನಿಸುತ್ತದೋ ಅದನ್ನೂ ಲೆಕ್ಕಕ್ಕೆ ತೆಗೆದುಕೋ.

ಕೆಲಸದ ವಿಷಯದಲ್ಲಿ ನಿನಗೆ ಬುದ್ಧಿ ಹೇಳಲು ನಾನು ಯಾರು ಅಂತಲೂ ಅನ್ನಿಸುತ್ತದೆ. ಆದರೂ ಹೇಳಿದ್ದೇನೆ.

ನಿನ್ನ ಮಗಳು


ಮೇ 2

ಮಗಳೇ,

ಒಂದನ್ನು ಮುಗಿಸಿ ಇನ್ನೊಂದು ಮಾಡುವುದು ಸಂತೆಯ ಸಾಮಾನು ಮಾಡುವವರ ಪದ್ಧತಿ. ಒಟ್ಟಿಗೆ ನುಡಿಯಬೇಕಾದ ವಾದ್ಯಗಳನ್ನು ಒಟ್ಟಿಗೇ ಹೆರೆಯಬೇಕು. ಇವತ್ತು ಇದರ ಮೇಲೆ ಒಂದು ಪದರ, ನಾಳೆ ಅದರ ಮೇಲೆ ಒಂದು. ನಾಲ್ಕೂ ಜತೆಯಾಗಿ ತೆಳ್ಳಗಾಗಬೇಕು, ಇಲ್ಲದಿದ್ದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ನಿನ್ನ ಅಜ್ಜ ಹೇಳಿದ್ದು, ನಾನು ಬದಲಾಯಿಸುವುದಿಲ್ಲ.

ಟೇಪಿನ ತಪ್ಪೇನೂ ಇಲ್ಲ. ಹೊಸ ಬ್ಯಾಟರಿ ಹಾಕಿದೆ. ಗಿರಣಿಯವನ ಟೇಪ್ ಯಂತ್ರದಲ್ಲೂ ಹಾಕಿ ಕೇಳಿದೆ. ಅದೇ ಸ್ವರ.

ನನ್ನಲ್ಲೇ ಏನೋ ಆಗಿದೆ. ಏಪ್ರಿಲ್ ಮೂರನೇ ವಾರದಲ್ಲಿ ನಾಲ್ಕೂ 'ಬಂತು' ಅಂದವು. ಬೆರಳು ತಟ್ಟಿದ ಕೂಡಲೇ ಹೇಳಿದವು. ಕ್ಯಾಸೆಟ್ ಹಾಕಿದರೆ ನಿನ್ನಮ್ಮ ಇನ್ನೂ ಕೆಳಗೆ ನಿಂತಿದ್ದಾಳೆ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ನಾನು ಅವಳ ಸ್ವರವನ್ನು ದಾಟಿ 'ಇದೇ ಸರಿ' ಅಂದವನಲ್ಲ. ಈಗ ಅನ್ನಲೇ? ಇನ್ನೊಂದು ಪದರ ತೆಗೆದೆ. ಕಿಟಕಿಗೆ ಹಿಡಿದರೆ ಹಲಗೆಯೊಳಗಿಂದ ಬೆಳಕು ಕೆಂಪಗೆ ಕಾಣುತ್ತದೆ. ಹಾಗೆ ಕಂಡರೆ ನಮ್ಮಪ್ಪ ಬೈಯುತ್ತಿದ್ದ. ಅವಳ ಸ್ವರ ಮುಟ್ಟಲು ಇನ್ನೂ ಎರಡು ಪದರವಾದರೂ ಹೋಗಬೇಕು.

ಹಳೆಯ ವಾದ್ಯದ ಜತೆ ಹೋಲಿಸಿ ನೋಡು ಅಂತ ನಿನ್ನತ್ತೆ. (ಕೇಳಿದ್ದು ತಪ್ಪಾ?) ಹಲಗೆಯ ಸ್ವರ ಸಿಗುವುದು ಅದು ಬಿಡಿಯಾಗಿದ್ದಾಗ ಮಾತ್ರ. ಬುರುಡೆಗೆ ಅಂಟಿಸಿದ ಮೇಲೆ ಅದು ವಾದ್ಯದ ದನಿ, ಹಲಗೆಯದಲ್ಲ.

ನೀನು ಕಿವಿ ಪರೀಕ್ಷೆ ಮಾಡುವವಳು. ಅದಕ್ಕೇ ಕೇಳುತ್ತೇನೆ, ಮುಚ್ಚಿಡದೆ ಹೇಳು. ನನಗೆ ಎಪ್ಪತ್ತೊಂದು. ಈ ವಯಸ್ಸಿನಲ್ಲಿ ಕಿವಿ ಹೀಗೆ ಮೋಸ ಮಾಡುತ್ತದೆಯೇ? ನಿನ್ನ ಉತ್ತರ ಬರುವವರೆಗೆ ಅಲಗು ಮುಟ್ಟುವುದಿಲ್ಲ.

ನಿನ್ನ ಅಪ್ಪ


ಮೇ 19

ಅಪ್ಪಾ,

ಪರೀಕ್ಷೆ ಮಾಡದೆ ಯಾರ ಕಿವಿಯ ಬಗ್ಗೆಯೂ ಖಚಿತವಾಗಿ ಹೇಳಲಾಗದು. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಮಸುಕಾಗುತ್ತವೆ. ನನ್ನ ಹತ್ತಿರ ಬರುವ ಎಪ್ಪತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಇದು ಇದೆ. ಅವರಿಗೆ ಅದು ಗೊತ್ತೂ ಇರುವುದಿಲ್ಲ. ಎದುರಿನವರು ಗೊಣಗುತ್ತಾರೆ ಎಂದುಕೊಳ್ಳುತ್ತಾರೆ. ಹಾಗಾಗಿ ನಿನಗೂ ಸ್ವಲ್ಪ ವ್ಯತ್ಯಾಸ ಆಗಿರಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ರಜೆ ಸಿಕ್ಕರೆ ಯಂತ್ರ ತೆಗೆದುಕೊಂಡು ನಾನೇ ಬರುತ್ತೇನೆ.

ನಿನ್ನ ಮಗಳು


ಆಗಸ್ಟ್ 3

ಮಗಳೇ,

ನಿನ್ನ ಪತ್ರ ಬಂದ ಮೇಲೆ ಧೈರ್ಯ ಮಾಡಿ ಹೆರೆದೆ. ಜೂನ್ ಕೊನೆಗೆ ನಾಲ್ಕೂ ಅಮ್ಮನ ಸ್ವರಕ್ಕೆ ಬಂದವು. ಅಂಟಿಸಿ, ಒಣಗಿಸಿ, ಮೊದಲು ಗಿರಣಿಯವನದಕ್ಕೆ ತಂತಿ ಕಟ್ಟಿದೆ. ಹನ್ನೊಂದು ದಿನ ನುಡಿಸಿದ. ಹನ್ನೆರಡನೇ ದಿನ ಎತ್ತಿಕೊಂಡು ಬಂದ. ಕುದುರೆಯ ಕೆಳಗೆ, ತಂತಿಗಳ ಭಾರ ಬೀಳುವಲ್ಲಿ, ಹಲಗೆ ತಗ್ಗಿತ್ತು. ಅವನ ಕೈಯಲ್ಲೇ ಬಿರುಕು ಬಿಟ್ಟಿತು. ಉಳಿದ ಮೂರಕ್ಕೂ ಅರ್ಧ ಬಿಗಿಯಲ್ಲಿ ತಂತಿ ಕಟ್ಟಿ ನೋಡಿದೆ. ಮೂರೂ ಹಾಗೇ.

ತೆಗೆದದ್ದನ್ನು ಮರಕ್ಕೆ ಮತ್ತೆ ಹಚ್ಚಲು ಬರುವುದಿಲ್ಲ.

ಗಿರಣಿಯವನು "ಹೋಗಲಿ ಬಿಡಣ್ಣಾ" ಅಂದ, ಅದೂ ಪಕ್ಕದಲ್ಲಿದ್ದ ನನಗಷ್ಟೇ ಕೇಳುವಷ್ಟು ಮೆಲ್ಲಗೆ.

ನೀನು ಹೇಳಿದ್ದು ನಿಜ, ಕಿವಿ ಹೋಗಿದೆ. ಸ್ವರ ಮುಟ್ಟಿದ್ದೇನೆಂದು ನಾನು ಎಣಿಸಿದೆ, ಮುಟ್ಟಿರಲಿಲ್ಲ, ಅಥವಾ ದಾಟಿಹೋಗಿದ್ದೆ. ಅವಳು ಸರಿಯಾಗಿಯೇ ಕೊಟ್ಟಿದ್ದಳು, ಕೇಳಿಸಿಕೊಳ್ಳಲು ನನಗೆ ಬರಲಿಲ್ಲ. ಹಾಡುವುದನ್ನೂ ಬಿಟ್ಟಿದ್ದೇನೆ. ಕೇಳಿಸದವನು ಹಾಡಿದರೆ ಕೇಳುವವರಿಗೆ ಕಷ್ಟ.

ಯಂತ್ರ ತೆಗೆದುಕೊಂಡು ಬರುವ ತೊಂದರೆ ಬೇಡ.

ನಿನ್ನ ಅಪ್ಪ


ಆಗಸ್ಟ್ 16

ಅಪ್ಪಾ,

ಅತ್ತೆ ಇದನ್ನು ಓದುವಾಗ ನೀನು ಕೂತಿರು.

ನಿನ್ನ ಕಿವಿಗೆ ಏನೂ ಆಗಿಲ್ಲ. ಕ್ಯಾಸೆಟ್ಟಿನಲ್ಲಿರುವುದು ಅಮ್ಮನ ದನಿಯಲ್ಲ, ನನ್ನದು.

ಅಮ್ಮನದು ಇಲ್ಲವಾಗಿ ಇಪ್ಪತ್ತೊಂಬತ್ತು ವರ್ಷವಾಯಿತು. ಹಾಸ್ಟೆಲ್ಲಿನಲ್ಲಿ ನನ್ನ ಇಂಗ್ಲಿಷಿಗೆ ಎಲ್ಲರೂ ನಗುತ್ತಿದ್ದರು. ನಿನ್ನ ಮಾತನ್ನು ನೀನೇ ರೆಕಾರ್ಡ್ ಮಾಡಿ ಕೇಳು, ಆಗ ತಪ್ಪು ತಿಳಿಯುತ್ತದೆ ಎಂದು ಟೀಚರ್ ಹೇಳಿದರು. ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ಕೊನೆಯಲ್ಲಿ ಖಾಲಿ ಇರುವ ಜಾಗದಲ್ಲಿ ಮಾಡೋಣ ಎಂದುಕೊಂಡೆ. ನಿಜವಾಗಿ ಹಾಗೆಂದುಕೊಂಡಿದ್ದೆನೋ, ಈಗ ಹಾಗೆ ಹೇಳಿಕೊಳ್ಳುತ್ತಿದ್ದೇನೋ, ಗೊತ್ತಿಲ್ಲ. ಎರಡು ತಿಂಗಳಲ್ಲಿ ಅದರ ತುಂಬ ನಾನೇ ಇದ್ದೆ, ಒಂದೊಂದು ಶಬ್ದವನ್ನು ಐದೈದು ಸಲ ಹೇಳುತ್ತಾ. ರಜೆಗೆ ಬಂದಾಗ ಅಮ್ಮ "ಸ್ವರ ಕೇಳ್ತೀಯಾ ದಿನಾ?" ಅಂದಳು. "ಹೂಂ" ಅಂದೆ. ಆ ಹೂಂ ಅವಳಿರುವವರೆಗೆ ನಡೆಯಿತು.

ನೀನು ಕೇಳಿ ಬರೆದಾಗ ನಿಜ ಹೇಳಬಹುದಿತ್ತು. ಹೇಳಲಾಗಲಿಲ್ಲ. ಆ ಸ್ವರ ನನಗೆ ನೆನಪಿದೆ ಎಂದು ಭಾವಿಸಿದೆ. ಕೋಣೆಯಲ್ಲಿ ಕೂತು ಇಪ್ಪತ್ತು ಸಲ ಹಾಡಿ, ಒಂದು ಆರಿಸಿ, ಹಳೆಯದರಂತೆ ಕೇಳಿಸಲೆಂದು ಟೇಪಿನಿಂದ ಟೇಪಿಗೆ ನಾಲ್ಕು ಸಲ ಇಳಿಸಿದೆ.

ಇಷ್ಟಾದರೂ ಕ್ಷಮಿಸಬಹುದೇನೋ. ಮೇ ತಿಂಗಳಲ್ಲಿ ಮಾಡಿದ್ದಕ್ಕೆ ಕ್ಷಮೆಯಿಲ್ಲ. ಹಲಗೆಗಳು ಆಗ ಬದುಕಿದ್ದವು. ನೀನು ಅಲಗು ಕೆಳಗಿಟ್ಟು ನನ್ನನ್ನು ಕೇಳಿದೆ. ನಾನು ವಯಸ್ಸಾದವರ ಕಿವಿಯ ಬಗ್ಗೆ ಪುಸ್ತಕದಲ್ಲಿರುವುದನ್ನು ಬರೆದೆ. ಅದರಲ್ಲಿ ಒಂದು ಸುಳ್ಳು ವಾಕ್ಯವೂ ಇರಲಿಲ್ಲ. ಹಾಗೆ ಇರದಂತೆ ಮೂರು ಸಲ ತಿದ್ದಿ ಬರೆದಿದ್ದೆ.

ಏಪ್ರಿಲ್ ಮೂರನೇ ವಾರದಲ್ಲಿ ಹಲಗೆಗಳು 'ಬಂತು' ಅಂದದ್ದೇ ಸರಿ. ನೀನು ಕೇಳಿದ್ದೇ ಅಮ್ಮನ ಸ್ವರ. ಇದು ನಿನಗೆ ತಿಳಿಯಲೇಬೇಕು.

ಮಗಳು


ಸೆಪ್ಟೆಂಬರ್ 6

ಮಗೂ,

ಇದು ಪೂರ್ತಿ ನನ್ನದೇ ಪತ್ರ, ಬ್ರಾಕೆಟ್ಟಿಲ್ಲ. ನಿನ್ನ ಪತ್ರ ಅವನಿಗೆ ಓದಿ ಹೇಳಿಲ್ಲ. ಊರಿನ ಸಮಾಚಾರ, ಮಳೆ ಜಾಸ್ತಿಯಂತೆ, ಕೆಲಸ ಜಾಸ್ತಿಯಂತೆ ಎಂದು ಬಾಯಿಗೆ ಬಂದದ್ದು ಓದಿದೆ. "ಇಷ್ಟು ದಪ್ಪ ಪತ್ರದಲ್ಲಿ ಇಷ್ಟೇನಾ?" ಅಂದ. "ನಿನ್ನ ಮಗಳ ಅಕ್ಷರ ದೊಡ್ಡದು" ಅಂದೆ.

ನೀನು ಹೇಳಿದ್ದು ನನಗೆ ಹೊಸದಲ್ಲ. ಮಾರ್ಚಿನಲ್ಲಿ ಮೊದಲ ಸಲ ಹಾಕಿದಾಗಲೇ ನಿನ್ನ ದನಿ ಎಂದು ತಿಳಿದಿತ್ತು. ಒಂದನೇ ಕ್ಲಾಸಿನಲ್ಲಿ ನಿನಗೆ ಪದ್ಯ ಹೇಳಿಸಿದವಳು ನಾನು. ಸಾಲಿನ ಕೊನೆಯಲ್ಲಿ ನೀನು ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಿದ್ದೆ, ಎಷ್ಟು ಹೇಳಿದರೂ ಬಿಡಲಿಲ್ಲ. ಕ್ಯಾಸೆಟ್ಟಿನಲ್ಲೂ ಎಳೆದುಕೊಂಡಿದ್ದೀ. ಅತ್ತಿಗೆ ಹಾಗೆ ಮಾಡಿದವಳಲ್ಲ.

ಯಾಕೆ ಬಾಯಿ ಬಿಡಲಿಲ್ಲ ಅಂತೀಯಾ? ಅವನು ಹೊರಗೆ ಹೋಗಿ ಅತ್ತು, ಒಳಗೆ ಬಂದು, "ಊಟಕ್ಕೆ ಏನಿದೆ?" ಎಂದು ಕೇಳಿದ. ಹದಿನೈದು ತಿಂಗಳು ತಟ್ಟೆ ಮುಂದಿಟ್ಟು ಕಾದವಳು ನಾನು. ಸ್ವರದ ವಿಷಯ ನನಗೆ ತಿಳಿಯದು, ನನ್ನ ಗಂಟಲು ಕದ ಕಿರುಗುಟ್ಟಿದ ಹಾಗೆ. ಒಂದು ಕೂದಲೆಳೆ ಮೇಲೆ ಕೆಳಗೆ ಆದರೆ ಮರ ಸಾಯುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಮೇ ತಿಂಗಳಲ್ಲಿ ಅವನ ಪ್ರಶ್ನೆಯನ್ನು ನಾನೇ ಬರೆದುಕೊಟ್ಟೆ. ಇನ್ನು ನೀನು ಹೇಳುತ್ತೀ ಎಂದುಕೊಂಡೆ. ನಿನ್ನ ಉತ್ತರವನ್ನು ನಾನೇ ಓದಿದೆ. ಓದುತ್ತಾ ಅವನ ಮುಖ ನೋಡಿದೆ, ಮಡಚಿಟ್ಟೆ. ನಿನ್ನೊಬ್ಬಳ ಪಾಲಿನದಲ್ಲ ಇದು.

ಈಗ ಕೇಳು. ಬೆಳಗ್ಗೆ ಎದ್ದು ಕ್ಯಾಸೆಟ್ ಹಾಕುತ್ತಾನೆ, ಒಲೆಯ ಹತ್ತಿರ ಇಟ್ಟು. ಹಾಡಿನ ಎರಡು ಸಾಲು ಮುಗಿಯುವವರೆಗೆ ಕೂರುತ್ತಾನೆ. ಆಮೇಲೆ ಮುಖ ತೊಳೆಯುತ್ತಾನೆ. ದಿನದಲ್ಲಿ ಅವನು ತಾನಾಗಿ ಮಾಡುವ ಕೆಲಸ ಅದೊಂದೇ. ನಿನ್ನ ಪತ್ರ ಓದಿದರೆ ಅವನ ಕಿವಿ ಅವನಿಗೆ ಸಿಗುತ್ತದೆ, ನಿಜ. ಆ ಕಿವಿ ಇಟ್ಟುಕೊಂಡು ಏನು ಮಾಡಲಿ? ಹಲಗೆ ಇಲ್ಲ. ಹೆಂಡತಿಯೂ ಇನ್ನೊಂದು ಸಲ ಹೋಗುತ್ತಾಳೆ, ಮಗಳೂ ಹೋಗುತ್ತಾಳೆ.

ನೀನು ಓದಿದವಳು. ಓದು ಅಂದರೆ ಓದುತ್ತೇನೆ.

ಅತ್ತೆ


ಸೆಪ್ಟೆಂಬರ್ 24

ಅತ್ತೆ,

ಓದಿ ಹೇಳಿ.

ಇಷ್ಟೇ ಬರೆದು ಲಕೋಟೆ ಅಂಟಿಸಿ, ಮತ್ತೆ ಬಿಡಿಸಿದ್ದೇನೆ. ಅವನಿಗೆ ತಿಳಿಯಲಿ ಎಂದು ನಾನು ಹೇಳುವುದು ಅವನಿಗಾಗಿಯೋ, ನನ್ನ ಎದೆಯ ಭಾರ ಇಳಿಯಲೆಂದೋ? ನಿಮ್ಮ ಪತ್ರ ಬಂದ ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಮೊನ್ನೆ ಒಬ್ಬ ಮುದುಕರು ಪರೀಕ್ಷೆಗೆ ಬಂದಿದ್ದರು. ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂದರೆ, ನಾನು ಸದ್ದು ಬಿಡದಿದ್ದಾಗಲೂ ಒತ್ತುತ್ತಿದ್ದರು. "ಕೇಳಿಸ್ತಾ ಇದೆಯಾ?" ಅಂದೆ. "ನೀವು ಬೇಜಾರು ಮಾಡ್ಕೋಬಾರದಲ್ಲಮ್ಮಾ" ಅಂದರು.

ತನ್ನ ಕಿವಿ ಸುಳ್ಳು ಎಂದು ನಂಬಿಕೊಂಡು ಅಪ್ಪ ಉಳಿದ ದಿನಗಳನ್ನು ಕಳೆಯುವುದು ನನಗೆ ಸಹಿಸಲಾಗದು. ಹಾಡುವುದಾದರೂ ಅವನಿಗೆ ಉಳಿಯಬೇಕು. ಓದಿ. ನನ್ನನ್ನು ಬೈದರೆ ಬೈದದ್ದನ್ನೆಲ್ಲ ಬರೆಯಿರಿ.

ನಿಮ್ಮ ಮಗು


ಅಕ್ಟೋಬರ್ 15

ಮಗೂ,

ನೀನು ಹೇಳಿದೆಯೆಂದು ಬುಧವಾರ ಊಟವಾದ ಮೇಲೆ ನಿನ್ನ ಆಗಸ್ಟಿನ ಆ ಪತ್ರ ಹಿಡಿದು ಅವನ ಮುಂದೆ ಕೂತೆ. ಕನ್ನಡಕ ಹಾಕಿಕೊಂಡೆ. "ಓದೋದು ಆಮೇಲೆ, ಮೊದಲು ನಾನು ಹೇಳಿದ್ದು ಬರಿ" ಅಂದ. ಅವನು ಹೇಳಿದ್ದು ಕೆಳಗಿದೆ, ಒಂದಕ್ಷರವೂ ಬಿಟ್ಟಿಲ್ಲ.

ಮಗಳೇ,

ಉಳಿ, ಅಲಗುಗಳನ್ನು ಗಿರಣಿಯವನಿಗೆ ಕೊಟ್ಟೆ. ಕಬ್ಬಿಣ ಚೆನ್ನಾಗಿದೆ, ಗಿರಣಿಯಲ್ಲಿ ಏನಕ್ಕಾದರೂ ಆಗುತ್ತದೆ. ಅಟ್ಟವನ್ನು ಗುಡಿಸಿದೆ.

ಒಂದು ಉಪಕಾರ ಮಾಡು. ತಿರುಗಿಸಿ ತಿರುಗಿಸಿ ಟೇಪು ಸವೆದಿದೆ. ಹಾಡಿನ ಎರಡನೇ ಸಾಲಿನಲ್ಲಿ ಅಮ್ಮ ಮಧ್ಯೆ ನಿಂತುಬಿಡುತ್ತಾಳೆ, ಆಮೇಲೆ ದೂರದಿಂದ ಬಂದ ಹಾಗೆ ಬರುತ್ತಾಳೆ. ಮೊನ್ನೆ ಅಷ್ಟೂ ಬರಲಿಲ್ಲ. ಆ ದಿನ ನನಗೆ ಏನು ಮಾಡಬೇಕೆಂದು ತೋಚದೆ ಮಧ್ಯಾಹ್ನದವರೆಗೆ ಹಾಗೇ ಕೂತಿದ್ದೆ. ಮೂಲದ್ದು ನಿನ್ನ ಹತ್ತಿರ ಇದೆಯಲ್ಲ, ಇನ್ನೊಂದು ಪ್ರತಿ ಮಾಡಿ ಕಳಿಸು. ಹಲಗೆಗಲ್ಲ. ನನಗೆ.

ನೀನು ಅದನ್ನು ಇಷ್ಟು ವರ್ಷ ಕಾಪಾಡಿದ್ದು ದೊಡ್ಡದು. ಇದನ್ನು ನಾನು ಹೇಳಿರಲಿಲ್ಲ.

ನಿನ್ನ ಅಪ್ಪ

ಬರೆದು ಮುಗಿಸಿದ ಮೇಲೆ "ಈಗ ಓದು, ಏನು ಬರೆದಿದ್ದಾಳೆ?" ಅಂದ. ನಾನು ಓದಿದೆ. ಇಲ್ಲಿ ಚಳಿ ಶುರುವಾಗಿದೆ, ಹೊಸ ಕೊಡೆ ತೆಗೆದುಕೊಂಡೆ ಎಂದು ಓದಿದೆ. ನನ್ನಿಂದ ಇಷ್ಟೇ ಆಗುವುದು ಮಗೂ. ನೀನೇ ಬಂದು ಹೇಳುವುದಾದರೆ ಹೇಳು. ಬಾಗಿಲು ತೆಗೆದಿರುತ್ತದೆ.

ಅತ್ತೆ


ನವೆಂಬರ್ 2

ಅಪ್ಪಾ,

ಹೊಸ ಪ್ರತಿ ಈ ಪೊಟ್ಟಣದಲ್ಲಿದೆ. ಒಂದರ ಬದಲು ಮೂರು ಇಟ್ಟಿದ್ದೇನೆ, ಒಂದು ಸವೆದರೆ ಇನ್ನೊಂದು ಹಾಕಿಕೋ. ದಿನಾ ಮೊದಲಿಗೆ ತಿರುಗಿಸುವಾಗ ಗುಂಡಿಯನ್ನು ಜೋರಾಗಿ ಒತ್ತಬೇಡ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಭಾನುವಾರವಲ್ಲದೆ ಆ ಕೋಣೆ ಸಿಗುವುದಿಲ್ಲ, ಎರಡು ಭಾನುವಾರ ನನಗೆ ಗಂಟಲು ಕಟ್ಟಿತ್ತು.

ಗಂಟಲಿಗೂ ಪ್ರತಿ ಮಾಡುವುದಕ್ಕೂ ಏನು ಸಂಬಂಧ ಅನ್ನಬೇಡ. ಹುಷಾರಿರಲಿಲ್ಲ, ಅಷ್ಟೇ.

ಈ ವರ್ಷ ರಜೆ ಇಲ್ಲ. ಬೇಸಿಗೆಗೆ ನೋಡುತ್ತೇನೆ.

ನೀನು ಕೇಳಿದೆಯೆಂದು ಹೇಳುತ್ತಿದ್ದೇನೆ, ಅದರ ಚಿಂತೆ ಮಾಡಬೇಡ. ಅಮ್ಮನ ಕ್ಯಾಸೆಟ್ ನನ್ನ ಹತ್ತಿರ ಭದ್ರವಾಗಿದೆ.

ನಿನ್ನ ಮಗಳು